ತಂಗಡಿ ಗಿಡ ಮನೆ ಹತ್ರ ಬೆಳೆಸೋದು ಹೇಗೆ: ಬೀಜದಿಂದ ಹಿಡಿದು ಸವರೋವರೆಗೆ

ಬೋರಲ್ಲಿ ನೀರಿಲ್ಲ, ಬೇಸಿಗೆಯಲ್ಲಿ ಕುಡಿಯೋಕೇ ಟ್ಯಾಂಕರ್ ತರಿಸ್ಬೇಕು, ಇನ್ನು ಹೂವಿನ ಗಿಡ ಎಲ್ಲಿಂದ ಬೆಳೆಸೋದು ಅಂತ ಬಯಲುಸೀಮೆ ಕಡೆ ತುಂಬಾ ಜನ ಅಂಗಳನ ಖಾಲಿ ಬಿಟ್ಬಿಟ್ಟಿರ್ತಾರೆ, ಇಲ್ಲಾಂದ್ರೆ ಸಿಮೆಂಟ್ ಹಾಕಿಸಿರ್ತಾರೆ. ಅಂಥವರಿಗೆ ನಾನು ಮೊದಲು ಹೇಳೋ ಗಿಡ ತಂಗಡಿ. ಕೆಲವು ಕಡೆ ಆವರಿಕೆ ಅಂತಾರೆ. ಚಿತ್ರದುರ್ಗ, ಚಳ್ಳಕೆರೆ, ಪಾವಗಡ, ಕೋಲಾರ ಕಡೆ ಬಸ್ಸಲ್ಲಿ ಹೋಗ್ತಾ ಕಿಟಕಿ ಆಚೆ ನೋಡಿದ್ರೆ ರಸ್ತೆ ಪಕ್ಕದ ಬೀಳು ಜಮೀನಲ್ಲಿ, ಕೆರೆ ಏರಿ ಮೇಲೆ, ಬಂಡೆ ಸಂದಿಯಲ್ಲಿ ಮೈತುಂಬಾ ಹಳದಿ ಹೂ ಬಿಟ್ಕೊಂಡು ನಿಂತಿರುತ್ತಲ್ಲ, ಅದೇ. ಅದಕ್ಕೆ ಯಾರೂ ನೀರು ಹಾಕಿಲ್ಲ, ಗೊಬ್ಬರ ಹಾಕಿಲ್ಲ, ಪಾತಿ ಮಾಡಿಲ್ಲ. ಇಷ್ಟು ಚೆಂದದ ನಮ್ಮದೇ ಗಿಡನ ಬಿಟ್ಟು ದಿನಾ ನೀರು ಕೇಳೋ ಹೊರಗಿನ ಗಿಡ ತಂದು ಮಾರ್ಚ್ ತಿಂಗಳಲ್ಲಿ ಅದು ಒಣಗೋದನ್ನ ನೋಡ್ತಾ ಕೂರೋದು ಯಾಕೆ ಅಂತ ನನಗೆ ನಿಜವಾಗ್ಲೂ ಬೇಜಾರಾಗುತ್ತೆ.

ಒಂದು ವಿಷಯ ಮೊದಲೇ ಹೇಳ್ಬಿಡ್ತೀನಿ. ತಂಗಡಿ ಬೆಳೆಸೋದ್ರಲ್ಲಿ ಕಷ್ಟದ ಕೆಲಸ ಎಲ್ಲಾ ಬೀಜ ಮೊಳೆಸೋವಾಗ್ಲೂ ಮೊದಲನೇ ವರ್ಷದಲ್ಲೂ ಮುಗಿದೋಗುತ್ತೆ, ಆಮೇಲೆ ನಾವು ಸುಮ್ನೆ ಇರೋದನ್ನ ಕಲೀಬೇಕು. ಮನೆಯಲ್ಲಿ ಹಾಕಿದ ತಂಗಡಿ ಬಾಡಿ ಸಾಯೋದು ಬಹಳಷ್ಟು ಸಲ ನೀರು ಜಾಸ್ತಿಯಾಗಿ, ಕಡಿಮೆಯಾಗಿ ಅಲ್ಲ.

ಗಿಡ ಗುರುತು ಹಿಡಿಯೋದು ಮುಖ್ಯ, ಯಾಕಂದ್ರೆ ಹಳದಿ ಹೂವಿನ ಇದೇ ಥರದ ಗಿಡಗಳು ಬೇಕಾದಷ್ಟಿವೆ. ತಂಗಡಿಯ ಎಲೆ ಹುಣಸೆ ಎಲೆ ಥರ ಒಂದು ಕಡ್ಡಿಗೆ ಎರಡೂ ಕಡೆ ಜೊತೆಜೊತೆಯಾಗಿ ಇರುತ್ತೆ, ಸಾಮಾನ್ಯವಾಗಿ 8ರಿಂದ 12 ಜೊತೆ, ಒಂದೊಂದು ಎಲೆನೂ ಹೆಚ್ಚೂಕಡಿಮೆ 2 ಸೆಂಟಿಮೀಟರ್ ಉದ್ದ. ಪ್ರತಿ ಜೊತೆ ಸೇರೋ ಜಾಗದಲ್ಲಿ ಸಣ್ಣ ಮುಳ್ಳಿನ ಹಾಗೆ ಎದ್ದು ನಿಂತಿರೋ ಒಂದು ಗ್ರಂಥಿ ಕಾಣುತ್ತೆ. ಎಲ್ಲಕ್ಕಿಂತ ಗಟ್ಟಿ ಗುರುತು ಅಂದ್ರೆ ಎಲೆ ಕಡ್ಡಿ ಕೊಂಬೆಗೆ ಅಂಟಿಕೊಳ್ಳೋ ಬುಡದಲ್ಲಿ ಎರಡು ಅಗಲವಾದ ದುಂಡನೆ ಕಿವಿ ಥರದ ಪುಟ್ಟ ಎಲೆ ಇರ್ತವೆ, ಉದುರೋದಿಲ್ಲ, ಬೆರಳಲ್ಲಿ ಮುಟ್ಟಿ ನೋಡ್ಬಹುದು. ಅದು ಇಲ್ಲಾಂದ್ರೆ ತಂಗಡಿ ಅಲ್ಲ, ಬೇರೆ ಏನೋ. ಸೀಮೆ ತಂಗಡಿ ಅನ್ನೋದು ಬೇರೆನೇ ದೊಡ್ಡ ಮರ, ರಸ್ತೆ ಬದಿ ಸಾಲು ಮರವಾಗಿ ಹಾಕಿರ್ತಾರೆ, ಹೊರಗಿಂದ ಬಂದಿದ್ದು. ತಗಚೆ ಅಂದ್ರೆ ಮಳೆಗಾಲದಲ್ಲಿ ಹುಟ್ಟಿ ವರ್ಷದೊಳಗೆ ಸಾಯೋ ಕಳೆ. ಟೆಕೋಮಾ ಅಂತ ನರ್ಸರಿಯಲ್ಲಿ ಕೊಡ್ತಾರಲ್ಲ ಗಂಟೆ ಆಕಾರದ ಹಳದಿ ಹೂ, ಅದು ಅಮೆರಿಕ ಕಡೆಯದು. ಇನ್ನೊಂದು ಎಚ್ಚರಿಕೆ, ಸೆನ್ನಾ ಸ್ಪೆಕ್ಟಾಬಿಲಿಸ್ ಅನ್ನೋ ಹಳದಿ ಹೂವಿನ ಮರ ಬಂಡೀಪುರ ನಾಗರಹೊಳೆ ಕಾಡಲ್ಲಿ ಹಬ್ಬಿಕೊಂಡು ಅರಣ್ಯ ಇಲಾಖೆಗೆ ದೊಡ್ಡ ತಲೆನೋವಾಗಿದೆ, ಹಳದಿ ಹೂ ಇದೆ ಅಂತ ಅದರ ಬೀಜ ತಂದು ದಯವಿಟ್ಟು ಹಾಕ್ಬೇಡಿ. ನರ್ಸರಿಯಲ್ಲಿ ಕೇಳೋದಾದ್ರೆ ತಂಗಡಿ ಅನ್ನೋ ಹೆಸರಿನ ಜೊತೆ ಅದರ ವೈಜ್ಞಾನಿಕ ಹೆಸರು ಸೆನ್ನಾ ಆರಿಕ್ಯುಲೇಟಾ ಅಂತಾನೂ ಹೇಳಿ. ಸಸ್ಯ ವಿಜ್ಞಾನಿ ಲಿನೇಯಸ್ 1753ರಲ್ಲಿ ಇದಕ್ಕೆ ಕ್ಯಾಸಿಯಾ ಆರಿಕ್ಯುಲೇಟಾ ಅಂತ ಹೆಸರಿಟ್ಟಿದ್ದರಿಂದ ಹಳೇ ಪುಸ್ತಕ ಮತ್ತು ಕೆಲವು ಬೋರ್ಡುಗಳಲ್ಲಿ ಇನ್ನೂ ಕ್ಯಾಸಿಯಾ ಅಂತಾನೇ ಇರುತ್ತೆ, ಎರಡೂ ಒಂದೇ ಗಿಡ.

ಆದ್ರೆ ನರ್ಸರಿಯಲ್ಲಿ ಸಿಗೋದು ಕಡಿಮೆ, ಬೀಜನೇ ಒಳ್ಳೆ ದಾರಿ. ಮಳೆಗಾಲ ಮುಗಿಯೋ ಹೊತ್ತಿಗೆ ಹೂ ಜೋರಾಗಿ ಬಿಟ್ಟಿರುತ್ತೆ, ಅದಾದ ಮೇಲೆ ಚಳಿಗಾಲ ಕಳೆದು ಬೇಸಿಗೆ ಶುರುವಾಗೋ ಹೊತ್ತಿಗೆ ಗಿಡದಲ್ಲಿ ಒಣ ಕಾಯಿ ಸಿಗ್ತವೆ. ಕಾಯಿ ಚಪ್ಪಟೆ, ಪೇಪರ್ ಥರ ತೆಳು, 7ರಿಂದ 11 ಸೆಂಟಿಮೀಟರ್ ಉದ್ದ ಇರುತ್ತೆ. ಹಸಿರಾಗಿದ್ದಾಗ ಕೀಳ್ಬೇಡಿ, ಕಂದು ಬಣ್ಣಕ್ಕೆ ತಿರುಗಿ ಅಲ್ಲಾಡಿಸಿದ್ರೆ ಸಣ್ಣಗೆ ಸದ್ದು ಬರ್ಬೇಕು. ಕಾಯಿನ ಬಿಸಿಲಿಗೆ ಅಡ್ಡ ಹಿಡಿದು ನೋಡಿದ್ರೆ ಒಳಗಿರೋ ಬೀಜಗಳು ಒಂದರ ಪಕ್ಕ ಒಂದು ಕಪ್ಪಗೆ ಕಾಣ್ತವೆ, ಎಲ್ಲಿ ಜೊಳ್ಳು ಎಲ್ಲಿ ಗಟ್ಟಿ ಅಂತ ಬಿಡಿಸೋಕೆ ಮುಂಚೆನೇ ಗೊತ್ತಾಗುತ್ತೆ. ಸೂಜಿ ಚುಚ್ಚಿದ ಹಾಗೆ ದುಂಡನೆ ತೂತು ಇರೋ ಕಾಯಿ ಬಿಟ್ಬಿಡಿ, ಒಳಗೆ ಹುಳ ತಿಂದು ಹೊರಗೆ ಹೋಗಿರೋ ಗುರುತು ಅದು. ಒಂದೇ ಗಿಡದಿಂದ ಎಲ್ಲಾ ಬೀಜ ತಗೋಬೇಡಿ, ನಾಲ್ಕೈದು ಗಿಡದಿಂದ ಒಂದೊಂದು ಹಿಡಿ ಕಾಯಿ ಸಾಕು, ಗಿಡದಲ್ಲೂ ಒಂದಷ್ಟು ಉಳೀಲಿ. ಆದಷ್ಟು ನಿಮ್ಮೂರ ಸುತ್ತಮುತ್ತಲ ಗಿಡದ್ದೇ ತಗೊಳ್ಳಿ, ನಿಮ್ಮ ಮಣ್ಣಿಗೂ ಮಳೆಗೂ ಒಗ್ಗಿಕೊಂಡ ಬೀಜ ಅದು. ಕಾಯ್ದಿಟ್ಟ ಅರಣ್ಯ, ಅಭಯಾರಣ್ಯದ ಒಳಗೆ ಮಾತ್ರ ಕೈ ಹಾಕ್ಬೇಡಿ, ರಸ್ತೆ ಬದೀಲೇ ಬೇಕಾದಷ್ಟು ಸಿಗುತ್ತೆ.

ಬೀಜ ಬಿಡಿಸಿ ನೀರಿಗೆ ಹಾಕಿ, ತೇಲಿದ್ದನ್ನ ತೆಗೆದುಹಾಕಿ. ಮುಳುಗಿರೋದು ಒಳ್ಳೇದು, ಆದ್ರೆ ಅದನ್ನ ಹಾಗೇ ಮಣ್ಣಿಗೆ ಹಾಕಿದ್ರೆ ಒಂದೋ ಎರಡೋ ಹುಟ್ಟಿ ಉಳಿದಿದ್ದು ತಿಂಗಳುಗಟ್ಟಲೆ ಮಣ್ಣಲ್ಲೇ ಕೂತಿರುತ್ತೆ. ಕಾರಣ ಏನಂದ್ರೆ ಬೀಜದ ಸಿಪ್ಪೆ ಕಲ್ಲಿನಷ್ಟು ಗಟ್ಟಿ, ನೀರು ಒಳಗೇ ಇಳಿಯಲ್ಲ. ಇದು ಗಿಡ ಮಾಡ್ಕೊಂಡಿರೋ ಏರ್ಪಾಡು, ಒಂದು ಅಕಾಲ ಮಳೆಗೆ ಎಲ್ಲಾ ಬೀಜನೂ ಒಟ್ಟಿಗೆ ಮೊಳೆತು ಆಮೇಲೆ ಮಳೆ ಕೈಕೊಟ್ರೆ ಒಂದೂ ಉಳಿಯಲ್ವಲ್ಲ, ಅದಕ್ಕೆ ಸ್ವಲ್ಪ ಸ್ವಲ್ಪನೇ ಹುಟ್ಟೋದು. ನಮಗೆ ಒಟ್ಟಿಗೆ ಹುಟ್ಟಬೇಕು ಅಂದ್ರೆ ಆ ಸಿಪ್ಪೆನ ನಾವು ಮೆತ್ತಗೆ ಮಾಡ್ಬೇಕು.

ಅದಕ್ಕೆ ಬಿಸಿನೀರು ಸುಲಭ. ಒಂದು ಪಾತ್ರೆಯಲ್ಲಿ ನೀರು ಕುದಿಸಿ, ಒಲೆ ಆರಿಸಿ, ಕುದಿ ನಿಂತು ಒಂದೆರಡು ನಿಮಿಷ ಆದ್ಮೇಲೆ ಬೀಜ ಹಾಕಿ. ಒಲೆ ಮೇಲಿಟ್ಟು ಬೀಜ ಕುದಿಸ್ಬೇಡಿ, ಬೆಂದೋಗುತ್ತೆ. ಬೀಜ ಒಂದು ಹಿಡಿ ಇದ್ರೆ ನೀರು ಅದರ ಐದಾರು ಪಟ್ಟು ಇರ್ಲಿ. ಹಾಗೇ ಮುಚ್ಚಿಟ್ಟು ಬೆಳಿಗ್ಗೆ ತೆಗೆದು ನೋಡಿದ್ರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತೆ, ಕೆಲವು ಬೀಜ ಉಬ್ಬಿ ಹೆಚ್ಚುಕಮ್ಮಿ ಎರಡರಷ್ಟಾಗಿರುತ್ತೆ, ಬಣ್ಣ ತಿಳಿಯಾಗಿ ಮುಟ್ಟಿದ್ರೆ ಜಾರುತ್ತೆ, ಕೆಲವು ಹಾಕಿದಾಗ ಹೇಗಿತ್ತೋ ಹಾಗೇ ಸಣ್ಣದಾಗಿ ಗಟ್ಟಿಯಾಗಿ ಕೂತಿರುತ್ತೆ. ಉಬ್ಬಿದ್ದನ್ನ ಅವತ್ತೇ ಬಿತ್ತಿ, ಒಣಗೋಕೆ ಬಿಡ್ಬೇಡಿ. ಉಬ್ಬದೇ ಇರೋದಕ್ಕೆ ಮತ್ತೆ ಇದೇ ಥರ ಬಿಸಿನೀರು ಕೊಡಿ. ಬೀಜ ಕಡಿಮೆ ಇದ್ರೆ ಇನ್ನೊಂದು ಉಪಾಯ ಇದೆ, ಒಂದೊಂದನ್ನೇ ಉಪ್ಪು ಕಾಗದಕ್ಕೆ ಉಜ್ಜಿ ಒಂದು ಕಡೆ ಸಿಪ್ಪೆ ಸವೆದು ಒಳಗಿನ ತಿಳಿ ಬಣ್ಣ ಕಂಡ ತಕ್ಷಣ ನಿಲ್ಲಿಸಿ, ಆಮೇಲೆ ತಣ್ಣೀರಲ್ಲಿ ರಾತ್ರಿ ನೆನೆಹಾಕಿ. ಮೊಳಕೆ ಹೊರಡೋದು ಬೀಜ ಕಾಯಿಗೆ ಅಂಟಿಕೊಂಡಿದ್ದ ತುದಿಯಿಂದ, ಆ ತುದಿ ಬಿಟ್ಟು ಬೇರೆ ಕಡೆ ಉಜ್ಜಬೇಕು. ಉಜ್ಜೋದು ತಾಳ್ಮೆ ಕೆಲಸ, ಆದ್ರೆ ಬಿಸಿನೀರಿಗಿಂತ ಜಾಸ್ತಿ ಹುಟ್ಟುತ್ತೆ.

ಈಗ ಎಲ್ಲಿ ಬಿತ್ತೋದು. ನಿಮ್ಮ ಹತ್ರ ಜಾಗ ಇದ್ದು, ಗಿಡ ಎಲ್ಲಿರ್ಬೇಕು ಅಂತ ತೀರ್ಮಾನ ಆಗಿದ್ರೆ ನೇರ ನೆಲಕ್ಕೇ ಬಿತ್ತಿ, ನನ್ನ ಪ್ರಕಾರ ಇದಕ್ಕಿಂತ ಒಳ್ಳೇದು ಯಾವ್ದೂ ಇಲ್ಲ. ತಂಗಡಿ ಮೊದಲು ತಾಯಿ ಬೇರನ್ನ ನೇರ ಕೆಳಗೆ ಕಳಿಸುತ್ತೆ, ಮೇಲೆ ಒಂದು ಗೇಣು ಗಿಡ ಕಾಣೋ ಹೊತ್ತಿಗೆ ಕೆಳಗೆ ಅದಕ್ಕಿಂತ ಆಳಕ್ಕೆ ಹೋಗಿರುತ್ತೆ. ಆ ಬೇರು ಸಸಿ ಬೆಳೆಸೋ ಪ್ಲಾಸ್ಟಿಕ್ ಕವರ್ ತಳಕ್ಕೆ ತಾಗಿ ಸುತ್ತಿಕೊಂಡ್ರೆ ಅಥವಾ ಕಿತ್ತು ನೆಡೋವಾಗ ಮುರಿದ್ರೆ ಗಿಡ ಬದುಕಿದ್ರೂ ಮುಂದೆ ಬರ ತಡೆಯೋ ಶಕ್ತಿ ಕಡಿಮೆಯಾಗುತ್ತೆ. ಮಿರುಗದ ಮಳೆ ಬಿದ್ದು ನೆಲ ಒಂದು ಸಲ ಚೆನ್ನಾಗಿ ನೆನೆದ್ಮೇಲೆ, ಅಂದ್ರೆ ಜೂನ್ ಎರಡನೇ ವಾರದ ಆಸುಪಾಸು, ಒಂದೊಂದು ಜಾಗಕ್ಕೆ ಮೂರ್ನಾಲ್ಕು ಬೀಜ, ಒಂದು ಸೆಂಟಿಮೀಟರ್ ಆಳ, ಅಷ್ಟೇ. ಹುಟ್ಟಿದ್ಮೇಲೆ ಗಟ್ಟಿಯಾಗಿರೋದೊಂದನ್ನ ಬಿಟ್ಟು ಮಿಕ್ಕಿದ್ದನ್ನ ಕತ್ತರಿಯಲ್ಲಿ ಕತ್ತರಿಸಿ, ಕೀಳೋಕೆ ಹೋದ್ರೆ ಪಕ್ಕದ್ದರ ಬೇರೂ ಅಲ್ಲಾಡುತ್ತೆ.

ಕವರಲ್ಲೇ ಬೆಳೆಸ್ಬೇಕು ಅಂದ್ರೆ ಉದ್ದನೆ ಕವರ್ ತಗೊಳ್ಳಿ, ಹತ್ತು ಇಂಚಾದ್ರೂ ಎತ್ತರ ಇರ್ಲಿ, ಗಿಡ್ಡನೆ ಅಗಲ ಕುಂಡ ಬೇಡ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ದಪ್ಪ ಮರಳು, ಅರ್ಧ ಪಾಲು ಹಳೇ ಕೊಟ್ಟಿಗೆ ಗೊಬ್ಬರ. ಕೋಕೋಪೀಟ್ ಬೇಡ, ನೀರು ಹಿಡಿದಿಟ್ಕೊಳ್ಳುತ್ತೆ. ಒಂದೆರಡು ವಾರದಲ್ಲಿ ಮೊಳಕೆ ಬರುತ್ತೆ. ಮೊಳಕೆ ಬಂದಾಗಿಂದಾನೇ ಬಿಸಿಲು ಬೇಕು, ನೆರಳಲ್ಲಿಟ್ರೆ ಸಪೂರಕ್ಕೆ ಉದ್ದ ಬೆಳೆದು ಬಾಗೋಗುತ್ತೆ. ಮಾರ್ಚ್ ಏಪ್ರಿಲ್‌ನಲ್ಲಿ ಕವರಿಗೆ ಬಿತ್ತಿದ್ರೆ ಮಳೆ ಶುರುವಾಗೋ ಹೊತ್ತಿಗೆ ನೆಡೋಕೆ ರೆಡಿ ಇರುತ್ತೆ, ಅದಕ್ಕಿಂತ ಜಾಸ್ತಿ ದಿನ ಕವರಲ್ಲಿ ಇಟ್ಕೋಬೇಡಿ. ಕವರ್ ಕೆಳಗೆ ಬೇರು ಇಣುಕ್ತಾ ಇದ್ರೆ ತಡ ಆಯ್ತು ಅಂತ ಅರ್ಥ. ನೆಡೋವಾಗ ಕವರ್‌ನ ಬ್ಲೇಡಲ್ಲಿ ಸೀಳಿ ಮಣ್ಣಿನ ಹೆಂಟೆ ಒಡೀದಂಗೆ ಇಳಿಸಿ.

ಜಾಗದ ವಿಚಾರದಲ್ಲಿ ಎರಡೇ ಷರತ್ತು. ದಿನಕ್ಕೆ ಆರು ಗಂಟೆಗಿಂತ ಜಾಸ್ತಿ ನೇರ ಬಿಸಿಲು, ಮತ್ತೆ ನೀರು ನಿಲ್ಲಬಾರದು. ಮಣ್ಣು ಕೆಂಪೋ ಗರಸೋ ಕಲ್ಲೋ ಏನಾದ್ರೂ ಆಗುತ್ತೆ, ಎರೆ ಮಣ್ಣಲ್ಲೂ ಬರುತ್ತೆ, ಆದ್ರೆ ಎರೆಯಲ್ಲಿ ಮಳೆ ಬಂದಾಗ ನೀರು ತುಂಬಾ ಹೊತ್ತು ನಿಲ್ಲೋದ್ರಿಂದ ಒಂದಡಿ ದಿಬ್ಬ ಮಾಡಿ ಅದರ ಮೇಲೆ ಹಾಕಿ. ಮನೆ ಕಟ್ಟಿದ್ಮೇಲೆ ಉಳಿದ ಕಲ್ಲು ಮಣ್ಣು ತುಂಬಿರೋ ಸೈಟಿನ ಮೂಲೆಯಲ್ಲಿ ಏನೂ ಬರಲ್ಲ ಅಂತ ಬಿಟ್ಟಿರ್ತೀರಲ್ಲ, ಅಲ್ಲೇ ಹಾಕಿ ನೋಡಿ. ಪಾತ್ರೆ ತೊಳೆದ ನೀರು ಹರಿಯೋ ಜಾಗ, ತೆಂಗಿನ ಮರದ ಪಾತಿ ಪಕ್ಕ, ಲಾನ್‌ಗೆ ಸ್ಪ್ರಿಂಕ್ಲರ್ ಬಿಡೋ ಜಾಗ ಬೇಡ. ಮಲೆನಾಡು ಕರಾವಳಿಯವರಿಗೆ ನಾನು ಇದನ್ನ ಹೇಳಲ್ಲ, ಆ ಮಳೆಗೆ ಬೇರು ಕೊಳೆಯುತ್ತೆ, ಅಲ್ಲಿಗೆ ಅಲ್ಲಿನದೇ ಗಿಡಗಳು ಸಾಕಷ್ಟಿವೆ.

ನೆಡೋ ಗುಂಡಿ ಒಂದೂವರೆ ಅಡಿ ಉದ್ದ ಅಗಲ ಆಳ ಇದ್ರೆ ಸಾಕು. ನೆಲ ತುಂಬಾ ಗಟ್ಟಿ ಇದ್ರೆ ಗುಂಡಿ ತಳದಲ್ಲಿ ಹಾರೆಯಿಂದ ಇನ್ನೊಂದಡಿ ಚುಚ್ಚಿ ಸಡಿಲ ಮಾಡಿ, ಬೇರಿಗೆ ದಾರಿ ಆಗುತ್ತೆ. ತೆಗೆದ ಮಣ್ಣನ್ನೇ ವಾಪಸ್ ತುಂಬಿ, ಒಂದು ಬೊಗಸೆ ಕೊಟ್ಟಿಗೆ ಗೊಬ್ಬರ ಸಾಕು. ಗುಂಡಿ ತುಂಬಾ ಗೊಬ್ಬರ ಸುರಿದ್ರೆ ಬೇರು ಅಲ್ಲೇ ಸುತ್ತಾಡ್ಕೊಂಡು ಇರುತ್ತೆ, ಆಚೆ ಗಟ್ಟಿ ಮಣ್ಣಿಗೆ ಇಳಿಯಲ್ಲ. ಒಂದೇ ಗಿಡ ದುಂಡಗೆ ಬೆಳೀಲಿ ಅಂದ್ರೆ ಸುತ್ತ ಐದಡಿ ಬಿಡಿ, ಬೇಲಿ ಥರ ಬೇಕಂದ್ರೆ ಎರಡೆರಡು ಅಡಿಗೆ ಒಂದು.

ನೀರಿನ ಲೆಕ್ಕ ಕೇಳಿ. ಮಳೆಗಾಲದಲ್ಲಿ ನೆಟ್ಟಿದ್ರೆ ಮಳೆ ಹತ್ತು ದಿನ ತಪ್ಪಿದಾಗ ಮಾತ್ರ ಕೊಡಿ. ಮಳೆ ನಿಂತ್ಮೇಲೆ, ಅಂದ್ರೆ ನವೆಂಬರ್‌ನಿಂದ ಮುಂದಿನ ಮಳೆ ಬರೋವರೆಗೂ, ವಾರಕ್ಕೋ ಹತ್ತು ದಿನಕ್ಕೋ ಒಂದು ಬಕೆಟ್, ನಿಧಾನವಾಗಿ ಇಂಗೋ ಹಾಗೆ. ದಿನಾ ಒಂದು ಚೊಂಬು ಹಾಕೋದಕ್ಕೂ ವಾರಕ್ಕೊಂದು ಬಕೆಟ್ ಹಾಕೋದಕ್ಕೂ ತುಂಬಾ ವ್ಯತ್ಯಾಸ ಇದೆ, ದಿನಾ ಚೊಂಬು ನೀರು ಮೇಲ್ಮಣ್ಣು ಒದ್ದೆ ಮಾಡಿ ಬೇರನ್ನೂ ಮೇಲೆನೇ ಇರೋ ಹಾಗೆ ಅಭ್ಯಾಸ ಮಾಡಿಸುತ್ತೆ, ಬಕೆಟ್ ನೀರು ಆಳಕ್ಕೆ ಇಳಿಯುತ್ತೆ, ಬೇರು ಅದರ ಹಿಂದೆನೇ ಹೋಗುತ್ತೆ. ಬುಡಕ್ಕೆ ಒಣಹುಲ್ಲು, ತರಗೆಲೆ ಅಥವಾ ಜಲ್ಲಿ ಹೊದಿಕೆ ಹಾಕಿ, ಕಾಂಡಕ್ಕೆ ಮಾತ್ರ ತಾಗಬಾರದು. ಎರಡನೇ ಬೇಸಿಗೆಯಲ್ಲಿ ತಿಂಗಳಿಗೊಂದು ಸಲ ಕೊಟ್ರೆ ಸಾಕು. ಆಮೇಲೆ ನಿಲ್ಲಿಸ್ಬಿಡಿ. ಕಡು ಬೇಸಿಗೆಯಲ್ಲಿ ಸ್ವಲ್ಪ ಎಲೆ ಉದುರಿಸಿ ಬಡವಾದ ಹಾಗೆ ಕಾಣುತ್ತೆ, ಅದು ಸಾಯ್ತಾ ಇಲ್ಲ, ನೀರು ಉಳಿಸ್ಕೊಳ್ತಾ ಇದೆ, ಆಗ ಗಾಬರಿಯಾಗಿ ಪೈಪ್ ಹಿಡಿಯೋದೇ ತೊಂದರೆ. ಅನುಮಾನ ಬಂದ್ರೆ ಕೊಂಬೆ ಮೇಲೆ ಉಗುರಿಂದ ಸ್ವಲ್ಪ ಕೆರೆದು ನೋಡಿ, ತೊಗಟೆ ಕೆಳಗೆ ಹಸಿರಿದ್ರೆ ನಿಶ್ಚಿಂತೆಯಾಗಿರಿ. ಎಲೆ ಹಳದಿಯಾಗಿ, ಮಣ್ಣೂ ಒದ್ದೆ ಇದ್ರೆ ಮಾತ್ರ ಯೋಚನೆ ಮಾಡ್ಬೇಕು, ಅದು ನೀರು ಜಾಸ್ತಿಯಾದ ಲಕ್ಷಣ.

ಗೊಬ್ಬರದ ಬಗ್ಗೆ ಹೇಳೋದು ಜಾಸ್ತಿ ಇಲ್ಲ. ಯೂರಿಯಾ ಬೇಡ, ಎಲೆ ದಟ್ಟವಾಗಿ ಬಂದು ಕೊಂಬೆ ಮೆತ್ತಗಾಗುತ್ತೆ, ಹೂ ಕಡಿಮೆಯಾಗುತ್ತೆ. ಇದು ಅವರೆ ತೊಗರಿ ಕುಟುಂಬದ ಗಿಡ, ಹಾಗಾಗಿ ಮಣ್ಣಿಗೆ ಸಾರಜನಕ ಸೇರಿಸುತ್ತೆ ಅಂತ ಕೆಲವರು ಅಂದ್ಕೊಳ್ತಾರೆ, ಆದ್ರೆ ಸೆನ್ನಾ ಜಾತಿಯ ಗಿಡಗಳು ತೊಗರಿ ಥರ ಬೇರಲ್ಲಿ ಸಾರಜನಕ ಹಿಡಿಯೋ ಗಂಟು ಕಟ್ಟಲ್ಲ. ಸೊಪ್ಪು ಮಾತ್ರ ಒಳ್ಳೆ ಹಸಿರು ಗೊಬ್ಬರ, ಗದ್ದೆಗೆ ತಂಗಡಿ ಸೊಪ್ಪು ತುಳಿಸೋ ರೂಢಿ ಹಳೇದು. ಸವರಿದ ಸೊಪ್ಪನ್ನ ಸುಡ್ಬೇಡಿ, ಬೇರೆ ಗಿಡದ ಬುಡಕ್ಕೆ ಹಾಕಿ.

ಸವರೋದು ಯಾವಾಗ ಅಂದ್ರೆ ಮೇ ತಿಂಗಳಲ್ಲಿ, ಮಳೆ ಶುರುವಾಗೋಕೆ ಸ್ವಲ್ಪ ಮುಂಚೆ. ಹೂ ಬರೋದು ಹೊಸ ಚಿಗುರಿನ ತುದಿಯಲ್ಲಿ, ಅದಕ್ಕೆ ಎಷ್ಟು ಹೊಸ ಕುಡಿ ಬಂದ್ರೆ ಅಷ್ಟು ಹೂಗೊಂಚಲು. ಗಿಡದ ಮೂರನೇ ಒಂದು ಭಾಗ ಎತ್ತರ ತೆಗೀಬಹುದು, ಒಣ ಕಡ್ಡಿ, ಒಂದಕ್ಕೊಂದು ಉಜ್ಜೋ ಕೊಂಬೆ ಪೂರ್ತಿ ತೆಗೀರಿ. ಹಳೇದಾಗಿ ಬುಡ ಬೋಳಾಗಿದ್ರೆ ಮೊಣಕಾಲು ಎತ್ತರಕ್ಕೆ ಕತ್ತರಿಸಿದ್ರೂ ಮತ್ತೆ ಒಡೆದು ಬರುತ್ತೆ, ಅಷ್ಟು ಗಟ್ಟಿ ಗಿಡ. ಮಳೆಗಾಲ ಕಳೆದ್ಮೇಲೆ ಮೊಗ್ಗಾಗಿರೋ ಹೊತ್ತಲ್ಲಿ ಕತ್ತರಿ ಹಾಕಿದ್ರೆ ಆ ವರ್ಷದ ಹೂವೇ ಹೋಯ್ತು. ಸಸಿ ಎರಡಡಿ ಬಂದಾಗ ಒಂದ್ಸಲ ತುದಿ ಚಿವುಟಿ, ಪಕ್ಕದಲ್ಲಿ ಕೊಂಬೆ ಒಡೆದು ಪೊದೆಯಾಗುತ್ತೆ. ಸಾಮಾನ್ಯವಾಗಿ ನಾಲ್ಕೈದು ಅಡಿಗೆ ನಿಲ್ಲುತ್ತೆ, ಒಳ್ಳೆ ಮಣ್ಣಲ್ಲಿ ಇನ್ನೂ ಎತ್ತರ ಹೋಗುತ್ತೆ.

ಹೂ ಬಿಟ್ಮೇಲೆ ಬೆಳಿಗ್ಗೆ ಹೊತ್ತು ಒಂದು ಹತ್ತು ನಿಮಿಷ ಗಿಡದ ಹತ್ರ ನಿಂತು ನೋಡಿ, ಇದನ್ನ ಹೇಳದೆ ಇರೋಕಾಗಲ್ಲ ನನಗೆ. ಹೂವು ಸುಮಾರು 5 ಸೆಂಟಿಮೀಟರ್ ಅಗಲ, ಐದು ಎಸಳು, ಅಂಚು ಸ್ವಲ್ಪ ಸುಕ್ಕು ಸುಕ್ಕು, ಒಳಗೆ ಕೇಸರಿ ಬಣ್ಣದ ಗೆರೆ. ಇದರಲ್ಲಿ ಮಕರಂದ ಇಲ್ಲ, ಇರೋದು ಬರೀ ಪರಾಗ, ಅದೂ ಕೇಸರದ ಒಳಗೆ ಮುಚ್ಚಿಕೊಂಡಿರುತ್ತೆ, ತುದಿಯಲ್ಲಿ ಸಣ್ಣ ತೂತು ಮಾತ್ರ. ದಪ್ಪ ಕಪ್ಪು ದುಂಬಿ, ಒಣ ಮರ ಕೊರೆದು ಗೂಡು ಮಾಡುತ್ತಲ್ಲ ಆ ದುಂಬಿ, ಬಂದು ಹೂವನ್ನ ತಬ್ಬಿ ಹಿಡ್ಕೊಂಡು ರೆಕ್ಕೆ ಮಡಚಿ ಮೈನ ಮಾತ್ರ ಝೊಯ್ಯ್ ಅಂತ ನಡುಗಿಸುತ್ತೆ, ಹಾರೋವಾಗಿನ ಸದ್ದಿಗಿಂತ ಸಣ್ಣ ದನಿ, ಒಂದು ಕ್ಷಣ ಅಷ್ಟೇ, ಆ ನಡುಕಕ್ಕೆ ಪರಾಗ ತೂತಿಂದ ಪುಡಿಯಾಗಿ ಚಿಮ್ಮಿ ಅದರ ಹೊಟ್ಟೆಗೆ ಬೀಳುತ್ತೆ. ಜೇನುನೊಣಕ್ಕೆ ಹಾಗೆ ನಡುಗಿಸೋಕೆ ಬರಲ್ಲ, ಅದು ಉದುರಿದ್ದನ್ನ ಆಯ್ಕೊಳ್ಳುತ್ತೆ. ಈ ದುಂಬಿ ಬರ್ದೇ ಇದ್ರೆ ಕಾಯಿ ಕಟ್ಟೋದು ಕಷ್ಟ, ಅದಕ್ಕೆ ತೋಟದ ಮೂಲೆಯಲ್ಲಿ ಒಂದು ಒಣ ಮರದ ತುಂಡು ಅಥವಾ ಬಿದಿರು ಗಳ ಬಿದ್ದಿರ್ಲಿ, ಕಸ ಅಂತ ಎಸೀಬೇಡಿ.

ಹುಳ ಬಿದ್ದಿದೆ ಔಷಧಿ ಹೊಡೀಲಾ ಅಂತ ಕೇಳೋರು ಜಾಸ್ತಿ. ಎಲೆ ಮೇಲೆ ಹಸಿರು ಮೈ, ಪಕ್ಕದಲ್ಲಿ ಬಿಳಿ ಗೆರೆ, ಸಣ್ಣ ಕಪ್ಪು ಚುಕ್ಕಿ ಇರೋ ಹುಳ ಕಂಡ್ರೆ ಅದು ಎಮಿಗ್ರಂಟ್ ಅನ್ನೋ ತಿಳಿ ಬಿಳಿ ಹಸಿರು ಚಿಟ್ಟೆಯ ಮರಿ. ಅದು ಬದುಕೋದೇ ಇಂಥ ಗಿಡಗಳ ಮೇಲೆ. ಒಂದಷ್ಟು ಎಲೆ ತಿನ್ನುತ್ತೆ, ಗಿಡ ಮತ್ತೆ ಚಿಗುರುತ್ತೆ, ಒಂದು ಹಕ್ಕಿ ಬಂದು ಅರ್ಧ ಹುಳ ತಿಂದೂ ಹೋಗುತ್ತೆ. ತೀರಾ ಸಣ್ಣ ಸಸಿ ಮೇಲೆ ಬಂದ್ರೆ ಮಾತ್ರ ಕೈಯಲ್ಲಿ ತೆಗೆದು ದೊಡ್ಡ ಗಿಡಕ್ಕೆ ಬಿಡಿ. ಹಿಟ್ಟು ತಿಗಣೆ ಬಿಳಿ ಹತ್ತಿ ಥರ ಕುಡಿಯಲ್ಲಿ ಕಂಡ್ರೆ ಜೋರಾಗಿ ನೀರು ಚಿಮ್ಮಿಸಿ ತೊಳೀರಿ, ಇಲ್ಲಾಂದ್ರೆ ಆ ಕುಡಿನೇ ಕತ್ತರಿಸಿ ದೂರ ಹಾಕಿ.

ಟೆರೇಸಲ್ಲಿ ಕುಂಡದಲ್ಲಿ ಬೆಳೆಸ್ಬಹುದಾ ಅಂದ್ರೆ ಬೆಳೆಸ್ಬಹುದು, ಆದ್ರೆ ಒಂದೂವರೆ ಅಡಿ ಆಳದ ಡ್ರಮ್ ಬೇಕು, ತಳದಲ್ಲಿ ಚೆನ್ನಾಗಿ ತೂತಿರ್ಬೇಕು, ಮತ್ತೆ ಅಲ್ಲಿ ಬೇರಿಗೆ ಆಳ ಸಿಗದೆ ಇರೋದ್ರಿಂದ ಬೇಸಿಗೆಯಲ್ಲಿ ನೀರು ಕೊಡ್ತಾನೇ ಇರ್ಬೇಕಾಗುತ್ತೆ. ನೆಲ ಇದ್ದವರು ನೆಲಕ್ಕೇ ಹಾಕಿ. ಬೇಲಿಗೆ ಹಾಕೋರು ಬರೀ ತಂಗಡಿ ಹಾಕೋ ಬದಲು ಮಧ್ಯೆ ಮಧ್ಯೆ ಬಂದರಿಕೆ, ಕವಳಿ, ಮುಳ್ಳು ಗೋರಂಟಿ ಸೇರಿಸಿ, ಎಲ್ಲವೂ ಇದೇ ಒಣ ನೆಲದ ಗಿಡಗಳು, ನೀರಿನ ಅಗತ್ಯನೂ ಒಂದೇ ಥರ, ಕವಳಿ ಮುಳ್ಳಿಂದ ಬೇಲಿ ಬಿಗಿಯಾಗುತ್ತೆ. ಬೇರೆ ಮೇವಿದ್ದಾಗ ದನ ತಂಗಡಿಗೆ ಬಾಯಿ ಹಾಕೋದು ಕಡಿಮೆ, ಆದ್ರೂ ಎಳೇ ಸಸಿಗೆ ಮೊದಲ ವರ್ಷ ಸುತ್ತ ಮುಳ್ಳು ಇಡಿ, ತಿನ್ನದೇ ಇದ್ರೂ ತುಳಿಯುತ್ತೆ.

ಈ ಗಿಡಕ್ಕೆ ಬೆಲೆ ಇಲ್ಲ ಅಂತ ಅಂದ್ಕೊಳ್ಳೋರಿಗೆ ಒಂದು ಮಾತು. ದಕ್ಷಿಣ ಭಾರತದಲ್ಲಿ ಚರ್ಮ ಹದ ಮಾಡೋಕೆ ತುಂಬಾ ಕಾಲ ಬಳಸ್ತಾ ಇದ್ದಿದ್ದು ತಂಗಡಿ ತೊಗಟೆನೇ, ಅದರಲ್ಲಿ ಚರ್ಮ ಹದ ಮಾಡೋ ಟ್ಯಾನಿನ್ ಅನ್ನೋ ಒಗರು ಅಂಶ ಅಷ್ಟೊಂದಿದೆ, ಆಮೇಲೆ ವಾಟಲ್ ಅನ್ನೋ ಮರದ ತೊಗಟೆ ಬಂದು ಅದರ ಜಾಗ ಹಿಡೀತು. ಪಕ್ಕದ ತೆಲಂಗಾಣದವರು 2014ರಲ್ಲಿ ಹೊಸ ರಾಜ್ಯ ಆದಾಗ ಇದನ್ನೇ ರಾಜ್ಯದ ಹೂ ಅಂತ ಆರಿಸ್ಕೊಂಡ್ರು, ಬತುಕಮ್ಮ ಹಬ್ಬದಲ್ಲಿ ತಂಗೇಡು ಹೂ ಬೇಕೇ ಬೇಕು. ಹೂವನ್ನ ಒಣಗಿಸಿ ಕಷಾಯಕ್ಕೆ ಬಳಸೋರಿದ್ದಾರೆ, ಆದ್ರೆ ಶುಗರ್‌ಗೆ ಮಾತ್ರೆ ತಗೊಳ್ತಾ ಇರೋರು ಡಾಕ್ಟರನ್ನ ಕೇಳದೆ ಶುರು ಮಾಡ್ಬೇಡಿ. ರಸ್ತೆ ಬದಿ ಧೂಳು ಹೊಗೆ ತಿಂದಿರೋ ಹೂ ಅಂತೂ ಬೇಡವೇ ಬೇಡ.

ಮೊದಲ ವರ್ಷ ಮೇಲೆ ಬೆಳವಣಿಗೆ ಕಡಿಮೆ ಕಂಡ್ರೆ ಅವಸರ ಮಾಡ್ಬೇಡಿ, ಸಾಮಾನ್ಯವಾಗಿ ಎರಡನೇ ಮಳೆಗಾಲ ಕಳೆದ್ಮೇಲೆ ಹೂ ನಿರೀಕ್ಷೆ ಮಾಡಿ. ಒಂದ್ಸಲ ಕಾಯಿ ಕಟ್ಟೋಕೆ ಶುರುವಾದ್ರೆ ಉದುರಿದ ಬೀಜದಿಂದ ಗಿಡದ ಸುತ್ತ ಮಳೆಗೆ ತಾವಾಗೇ ಸಸಿ ಹುಟ್ತವೆ. ಅವನ್ನ ಬೇರೆ ಕಡೆ ಹಾಕ್ಬೇಕಂದ್ರೆ ಎರಡು ಮೂರು ಎಲೆ ಬಂದಾಗ್ಲೇ, ಮೋಡ ಇರೋ ದಿನ ನೋಡ್ಕೊಂಡು, ಉದ್ದ ಕೈಗುದ್ದಲಿಯಿಂದ ಆಳವಾಗಿ ಮಣ್ಣು ಸಮೇತ ಎತ್ತಿ. ಒಂದು ಗೇಣು ದಾಟಿದ ಸಸಿನ ಮುಟ್ಬೇಡಿ, ಬೇಡ ಅಂದ್ರೆ ಕತ್ತರಿಸಿ, ಬೇಕು ಅಂದ್ರೆ ಹುಟ್ಟಿದ ಜಾಗದಲ್ಲೇ ಬಿಡಿ.